ಬನ್ನಿನ ವಾಸನೆಯ ಬೋಜ

ಒಂದೇ ಒಂದು ಉಂಡೆ ಎತ್ತಿಡಬೇಕಿತ್ತು. ಇಡಲಿಲ್ಲ.

ಅಕ್ಕಿ ಬೋಜ ಗೊತ್ತಲ್ಲ? ನಮ್ಮ ಹೊಸನಗರದ ಕಡೆ ಅನ್ನ ಹುಳಿಸಿ ಮಾಡುವ ಮದ್ಯ, ಹಿರಿಯರ ಹಬ್ಬಕ್ಕೆ ಎಡೆ ಇಡುತ್ತೇವೆ. (ಎಡೆ ಇಟ್ಟು ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಡಿ.) ಅದರ ಹೆಪ್ಪು ಅಂಗಡಿಯಲ್ಲಿ ಸಿಗುವುದಿಲ್ಲ. ಅಕ್ಕಿಹಿಟ್ಟಿಗೆ ಕಾಡಿನ ಬೇರು, ತೊಗಟೆ ಅರೆದು ಸೇರಿಸಿ ಉಂಡೆ ಕಟ್ಟಬೇಕು. ಹಳೇ ಉಂಡೆಯೊಂದನ್ನು ಪುಡಿ ಮಾಡಿ ಹೊಸದರ ಮೇಲೆ ಉದುರಿಸಬೇಕು. ಹಳೆಯದಿಲ್ಲದೆ ಹೊಸದು ಏಳುವುದಿಲ್ಲ. ಅವ್ವನ ಹೆಪ್ಪು ಅಕ್ಕನಿಗೆ ಬಂದದ್ದು ಹಾಗೆಯೇ.

ಮಗಳ ಬಾಣಂತನಕ್ಕೆ ತೀರ್ಥಹಳ್ಳಿಗೆ ಹೊರಟ ಅಕ್ಕ, ಉಂಡೆಗಳ ಬುಟ್ಟಿಯನ್ನು ಪಕ್ಕದ ಮನೆಯ ನನಗೆ ಒಪ್ಪಿಸಿದಳು. "ಬೀಜಕ್ಕೊಂದು ಇಟ್ಕಂಡು ಉಳಿದಿದ್ದು ಏನಾದ್ರೂ ಮಾಡ್ಕ ಮಾರಾಯ."

ಅಷ್ಟರಲ್ಲಿ ಹೆಂಡತಿಯ ತಮ್ಮಂದಿರು ಬಂದರು. ನನಗೂ ಕೈಗುಣ ತೋರಿಸುವ ಚಪಲ. ಹೆಪ್ಪು ಹೆಚ್ಚಾದಷ್ಟೂ ಕಿಕ್ ಹೆಚ್ಚು ಎಂದುಕೊಂಡು ಬುಟ್ಟಿಯನ್ನೇ ಬರಿದು ಮಾಡಿದೆ. ಬೋಜ ಕಹಿಯಾಯಿತು.

"ಕಷಾಯ ಚೆನ್ನಾಗೈತೆ ಭಾವ, ಜ್ವರ ಬಂದಾಗ ಕೊಡಿ" ಎಂದ ಒಬ್ಬ.

ಅಕ್ಕನಿಗೆ ಏನು ಹೇಳುವುದು? ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಮೋಸಕ್ಕೆ ಡಿಗ್ರಿ ಬೇಕೇ? ಸಾಗರದ ಬೇಕರಿಯೊಂದರಿಂದ ಯೀಸ್ಟ್ ತಂದು, ಹಿಟ್ಟಿಗೆ ಕಲಸಿ, ಉಂಡೆ ಕಟ್ಟಿ ಒಣಗಿಸಿ ಅದೇ ಬುಟ್ಟಿಗೆ ತುಂಬಿದೆ. ಯೀಸ್ಟ್ ಎಲ್ಲಾ ಒಂದೇ ತಾನೇ?

ಒಂದೇ ಅಲ್ಲ. ಊರಿಗೆ ಮರಳಿದ ಅಕ್ಕ ಆ ಉಂಡೆಗಳಲ್ಲೇ ಹಬ್ಬಕ್ಕೆ ಬೋಜ ಹಾಕಿದಳು. ಗಡಿಗೆಯ ಮುಚ್ಚಳ ತೆಗೆದರೆ ಬನ್ನಿನ ವಾಸನೆ.

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ತನ್ನ ಅಂಗೈಯನ್ನೇ ಮೂಸಿ ನೋಡಿಕೊಂಡಳು.

"ನನ್ ಕೈಯೇ ಕೆಟ್ಟೋತು ಕಣಾ. ವಯಸ್ಸಾತಲ್ಲ. ಇನ್ ಮುಂದೆ ನಾ ಮಾಡದಿಲ್ಲ."

ನನ್ನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ ನೋಡಿ. ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು, ಬೋಜವನ್ನು ಚೆಲ್ಲಿ ಖಾಲಿ ಗಡಿಗೆಯನ್ನು ಅಟ್ಟಕ್ಕೆ ಏರಿಸಲು ಎತ್ತಿದಳು. ನಿಟ್ಟೂರಿನ ಚಿಕ್ಕಮ್ಮನ ಮನೆಯಲ್ಲಿ ಅಕ್ಕನೇ ಕೊಟ್ಟ ಹೆಪ್ಪು ಇನ್ನೂ ಬದುಕಿದೆ (ಗುಟ್ಟು ಬಯಲಾಗುತ್ತದೆಂದು ಆಗ ಕೇಳಿರಲಿಲ್ಲ), ನಾಳೆಯೇ ಹೋಗಿ ತರಬಹುದು. ಆದರೆ ಹಾಕುವ ಕೈಗೇ ಧೈರ್ಯ ಹೋದರೆ ತಂದೇನು ಬಂತು?

ಗಡಿಗೆಯ ಇನ್ನೊಂದು ಬದಿ ಹಿಡಿದು ಕೆಳಗಿಳಿಸಿದೆ.

"ಅಕ್ಕ, ನಿನ್ ಕೈ ಕೆಟ್ಟಿಲ್ಲ. ನಿನ್ ಉಂಡೆ ಎಲ್ಲಾ ನಾನೇ ಮುಗಿಸ್ದೆ, ಇವು ಬೇಕರಿ ಯೀಸ್ಟಲ್ಲಿ ನಾ ಕಟ್ಟಿದ್ದು. ತಪ್ಪಾತು ಕಣೆ."