ಹೇಳದಿದ್ದರೆ ಎಮ್ಮೆ ಹಾಲು

ತೊಂಬತ್ತರ ದಶಕ. ನಾನಾಗ ತುಮಕೂರು ಕೋರ್ಟಿನಲ್ಲಿ ಹೊಸ ವಕೀಲ. ಗುಬ್ಬಿ ಕಡೆಯ ಪುಟ್ಟಮ್ಮ ಎರಡು ಹಸು ಕಟ್ಟಿಕೊಂಡು ತುಮಕೂರಿನ ಸದಾಶಿವನಗರದ ಮನೆಗಳಿಗೆ ಹಾಲು ಹಾಕುತ್ತಿದ್ದರು. ಫುಡ್ ಇನ್‌ಸ್ಪೆಕ್ಟರ್ ಒಬ್ಬರು ಶಿರಾ ಗೇಟಿನಲ್ಲಿ ಅವರನ್ನು ನಿಲ್ಲಿಸಿ, ಕ್ಯಾನಿನಿಂದ ಸ್ಯಾಂಪಲ್ ತೆಗೆದು, ಜಿಡ್ಡು ಸಾಲದು ಅಂತ ಕಲಬೆರಕೆ ಕೇಸು ಹಾಕಿದ್ದರು. ಶಿಕ್ಷೆಯಾದರೆ ಜೈಲು.

ಲ್ಯಾಬ್ ರಿಪೋರ್ಟ್ ಓದಿ ನನಗೆ ತಲೆ ಗಿರ್ ಅಂತು. ಹಸುವಿನ ಹಾಲನ್ನು ಎಮ್ಮೆ ಹಾಲಿನ ಲೆಕ್ಕದಲ್ಲಿ ಅಳೆದಿದ್ದರು. ಯಾವ ಹಾಲು ಅಂತ ಹೇಳದೆ ಮಾರಿದರೆ ಅದು ಎಮ್ಮೆ ಹಾಲಿನಷ್ಟು ಗಟ್ಟಿ ಇರಲೇಬೇಕು ಅಂತ ರೂಲೇ ಇತ್ತು.

"ನಮ್ಮನೇಲಿ ಎಮ್ಮೆನೇ ಇಲ್ವಲ್ಲಪ್ಪ," ಅಂದರು ಪುಟ್ಟಮ್ಮ.

ಕೋರ್ಟಿನಲ್ಲಿ ಜಡ್ಜು ಇನ್‌ಸ್ಪೆಕ್ಟರನ್ನು ತೋರಿಸಿ ಕೇಳಿದರು: "ಹಸು ಹಾಲು ಅಂತ ಇವರಿಗೆ ಹೇಳಿದ್ರಾ?"

"ಇವ್ರು ಕೇಳ್ಲಿಲ್ಲ ಸ್ವಾಮಿ. ಇವ್ರ ಹೆಂಡ್ರಿಗೆ ಗೊತ್ತು. ಮಗೀಗೆ ಹಸು ಹಾಲೇ ಬೇಕು ಅಂತ ದಿನಾ ನನ್ ತಾವೇ ಹಾಕಿಸ್ಕತಾರೆ. ಇವ್ರು ಆಗ ಮಲಗಿರ್ತಾರೆ."

ಇನ್‌ಸ್ಪೆಕ್ಟರ್ ಮುಖ ಬಿಳುಚಿಕೊಂಡಿತು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಸರ್ಕಾರಿ ವಕೀಲರು ನಿಧಾನವಾಗಿ ಎದ್ದು, "ಹೆಂಡತಿಗೆ ಹೇಳಿದ್ದು ಇಲಾಖೆಗೆ ಹೇಳಿದಂಗಾಗಲ್ಲ ಸ್ವಾಮಿ," ಅಂದರು. ಮುಂದಿನ ವಾಯಿದೆಗೆ ಜಡ್ಜು ಅದನ್ನೇ ಒಪ್ಪಿ ಶಿಕ್ಷೆ ಓದಿದರು. ಅಪೀಲಿನಲ್ಲಿ ಬಿಡಿಸಿಕೊಂಡು ಬರುವಷ್ಟರಲ್ಲಿ ಪುಟ್ಟಮ್ಮ ಹಸುಗಳನ್ನೇ ಮಾರಿಬಿಟ್ಟಿದ್ದರು.

ಆಮೇಲೆ ಎಷ್ಟೋ ವರ್ಷ ಕೋರ್ಟ್ ಕ್ಯಾಂಟೀನಿನ ನೀರು ನೀರು ಕಾಫಿ ಕುಡಿಯುವಾಗ, ಇದು ಯಾವ ಹಾಲು ಅಂತ ನಾನು ಕೇಳುತ್ತಿರಲಿಲ್ಲ. ಅವರಾಗಿ ಹೇಳುವವರೆಗೆ, ಕಾನೂನಿನ ಪ್ರಕಾರ, ಅದು ಗಟ್ಟಿ ಎಮ್ಮೆ ಹಾಲು.