ಪೆನ್ನಿನ ಬಳೆ

ನೆಕ್ಕರ್ ನದಿಯ ದಂಡೆಯ ಪೆನ್ನಿನ ಕಾರ್ಖಾನೆಯಲ್ಲಿ, ನಿಬ್ಬು ಪರೀಕ್ಷಿಸುವ ಕೋಣೆಗೆ ಹೆಂಗಸರು ಮೆತ್ತನೆಯ ಚಪ್ಪಲಿ ಹಾಕಿಕೊಂಡೇ ಹೋಗಬೇಕಿತ್ತು. ಒಳಗೆ ಮಾತಿಲ್ಲ, ಯಾರಾದರೂ ಕೆಮ್ಮಿದರೆ ಉಳಿದವರು ತಿರುಗಿ ನೋಡುವರು. ನಿಬ್ಬನ್ನು ಶಾಯಿಗೆ ಅದ್ದಿ, ಹಾಳೆಯ ಮೇಲೆ ಎಂಟರ ಆಕಾರದ ಸುತ್ತು ಬರೆದು, ಕಿವಿಗೊಟ್ಟು ಕೇಳುವುದೇ ಅವರ ಕೆಲಸ. ಒಳ್ಳೆಯ ನಿಬ್ಬು ರೇಷ್ಮೆ ಸರಿದಂತೆ ಹೋಗುತ್ತದೆ. ಕೆಟ್ಟದ್ದು ಯಾವುದೋ ತಿರುವಿನಲ್ಲಿ ಕಿರುಗುಟ್ಟಿ ತನ್ನನ್ನು ತಾನೇ ಬಿಟ್ಟುಕೊಡುತ್ತದೆ.

ಕಿಟಕಿಯ ಪಕ್ಕದ ಕುರ್ಚಿ ಒಟ್ಟೀಲಿ ಜೌಟರಳದು. ಯುದ್ಧ ಮುಗಿದ ವರ್ಷ, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಲಂಗ ಹೊಲಿದುಕೊಂಡು ಬಂದು ಕೂತವಳು. ಊರಿನವರು ಅವಳನ್ನು 'ಕಿವಿಯ ಒಟ್ಟೀಲಿ' ಎನ್ನುತ್ತಿದ್ದರು. ಆ ಹೆಸರು ಸುಳ್ಳಾಗಿ ಕೆಲವು ವರ್ಷವೇ ಆಗಿತ್ತು. ಜ್ವರವೊಂದು ಬಂದುಹೋದ ಮೇಲೆ ಸಣ್ಣ ಸದ್ದುಗಳೆಲ್ಲ ಅವಳನ್ನು ತೊರೆದಿದ್ದವು. ಮಾತನ್ನು ಎದುರಿಗಿದ್ದವರ ತುಟಿ ನೋಡಿ ಹಿಡಿಯುತ್ತಿದ್ದಳು. ಆದರೂ ಅವಳ ಕೈಯಿಂದ ಕೆಟ್ಟ ನಿಬ್ಬು ತಪ್ಪಿಸಿಕೊಂಡಿರಲಿಲ್ಲ. ಪೆನ್ನಿನ ಕುತ್ತಿಗೆಗೆ ಹಿತ್ತಾಳೆಯ ತೆಳು ಬಳೆಯೊಂದಿತ್ತು. ತೋರುಬೆರಳನ್ನು ಅದರ ಮೇಲಿಟ್ಟರೆ ನಿಬ್ಬಿನ ನಡುಕ ನೇರ ಬೆರಳಿಗೆ ಬರುತ್ತಿತ್ತು. ದೇವರು ಬೆರಳಿಗೇ ಕಿವಿ ಕೊಟ್ಟಿದ್ದಾನೆಂದುಕೊಂಡು ಅವಳು ಯಾರಿಗೂ ಹೇಳಲಿಲ್ಲ.

ಆ ವಸಂತದಲ್ಲಿ ಹೊಸ ಪೆನ್ನು ಬಂತು. ಕೆಲಸ ಮಾಡದ್ದು ಯಾವುದೂ ಪೆನ್ನಿನ ಮೇಲೆ ಇರಕೂಡದು ಎಂಬುದು ಅದನ್ನು ರೂಪಿಸಿದವನ ಮಾತು. ಮಂಕು ಕಪ್ಪು ಮೈ, ನೇರ ಗೆರೆ. ಬಳೆ ಇಲ್ಲ.

"ಹಂಗಾದ್ರೆ ನಮ್ಮ ಮೇಸ್ತ್ರಿ ಮೀಸೇನೂ ಬೋಳಿಸ್ಬೇಕಾಯ್ತು," ಎಂದಳು ಪಕ್ಕದ ಕುರ್ಚಿಯ ಸೆಂಟಾ, ಊಟದ ಬಿಡುವಿನಲ್ಲಿ. ಎಲ್ಲರೂ ನಕ್ಕರು. ಒಟ್ಟೀಲಿ ಅವರ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಕ್ಕಳು.

ಹೊಸ ಪೆನ್ನಿನ ಮೈ ನಡುಕವನ್ನೆಲ್ಲ ನುಂಗಿಬಿಡುತ್ತಿತ್ತು. ಅವಳು ಅಂದಾಜಿನ ಮೇಲೆ ಕೆಲಸ ಸಾಗಿಸಿದಳು. ಬೇಸಗೆಯ ಹೊತ್ತಿಗೆ ಅಂಗಡಿಗಳಿಂದ ಪೆನ್ನುಗಳು ವಾಪಸು ಬಂದವು. ಶಾಲೆಯ ಮಕ್ಕಳ ಹಾಳೆ ಹರಿಯುತ್ತಿತ್ತಂತೆ. ಒಳ್ಳೆಯವುಗಳ ನಡುವೆ ಕೆಟ್ಟ ನಿಬ್ಬುಗಳನ್ನು ತಾನೇ ಬೆರೆಸಿ, ಸೋಮವಾರ ಒಬ್ಬೊಬ್ಬರ ಎದುರೂ ಕೂರುತ್ತೇನೆ, ಹಿಡಿಯಲಾಗದವರು ಕುರ್ಚಿ ಬಿಡಬೇಕು ಎಂದು ಮೇಸ್ತ್ರಿ ನೆಗೆಲೆ ಸಾರಿದ.

ಊಟದ ಹೊತ್ತಿನಲ್ಲಿ ಸೆಂಟಾ ಬೆಣ್ಣೆ ಸವರಿದ ಬ್ರೆಟ್ಸೆಲ್ ರೊಟ್ಟಿ ಮುರಿದು ಅವಳಿಗೆ ಅರ್ಧ ಕೊಟ್ಟಳು. "ನಿಂಗೆ ಕೇಳಲ್ಲ ಅಂತ ನಂಗೊತ್ತು ಕಣೇ. ಕೆಟ್ಟದ್ದು ಬಂದ್ರೆ ಮೇಜಿನ ಕೆಳಗೆ ಕಾಲು ತುಳೀತೀನಿ. ಸುಮ್ನೆ ಪಕ್ಕಕ್ಕಿಡು."

ಒಟ್ಟೀಲಿ ತನ್ನ ಅರ್ಧವನ್ನು ಕಾಗದದಲ್ಲಿ ಸುತ್ತಿಟ್ಟಳು. ಭಾನುವಾರ ಇಗರ್ಜಿಯಲ್ಲಿ ಜಪಮಣಿ ಬೆರಳಲ್ಲಿ ಸರಿಯಿತು, ಜಪ ಸರಿಯಲಿಲ್ಲ.

ಸೋಮವಾರ ನೆಗೆಲೆ ಎದುರಿಗೆ ಬಂದು ಕೂತ. ಮೊದಲ ಪೆನ್ನಿಗೆ ಸೆಂಟಾಳ ಕಾಲು ಅಲ್ಲಾಡಲಿಲ್ಲ. ಒಟ್ಟೀಲಿ ಅದನ್ನು ಒಳ್ಳೆಯದರ ಪೆಟ್ಟಿಗೆಗೆ ಹಾಕಿದಳು. ಮುಂದಿನದಕ್ಕೆ ಪಾದದ ಮೇಲೆ ಭಾರ ಬಿತ್ತು. ಅದನ್ನು ಕೆಟ್ಟದರ ಪೆಟ್ಟಿಗೆಗೆ ಹಾಕಿದಾಗ ನೆಗೆಲೆ ಸರಿ ಎಂಬಂತೆ ತಲೆಯಾಡಿಸಿದ. ಇನ್ನೊಂದು ಪೆನ್ನು ತೆಗೆದುಕೊಂಡಳು. ಅಷ್ಟರಲ್ಲಿ ಅವನ ಕನ್ನಡಕದ ಪೆಟ್ಟಿಗೆ ಕೆಳಗೆ ಬಿತ್ತು. ಅವನು ಬಗ್ಗಿದ. ಸೆಂಟಾ ಕಾಲು ಎಳೆದುಕೊಂಡವಳು ಮತ್ತೆ ಚಾಚಲಿಲ್ಲ.

ನೆಗೆಲೆ ಎದ್ದು ಕೂತು ಕಾದ. ಒಟ್ಟೀಲಿ ಎಂಟು ಬರೆದಳು, ಅದರ ಮೇಲೇ ಮತ್ತೆ ಬರೆದಳು. ಶಾಯಿ ಹಾಳೆಯ ಹಿಂಬದಿಗೂ ಇಳಿಯಿತು. ಕೈ ಎರಡು ಪೆಟ್ಟಿಗೆಗಳ ನಡುವೆ ನಿಂತಿತು. ತನ್ನ ಕೈ ಈಗ ಕಾಯುತ್ತಿರುವುದು ನಿಬ್ಬನ್ನಲ್ಲ, ಪಕ್ಕದವಳ ಪಾದವನ್ನು ಎಂದು ಅವಳಿಗೆ ಹೊಳೆದದ್ದು ಆಗ. ತಪ್ಪು ಪೆಟ್ಟಿಗೆಗೆ ಬಿದ್ದರೆ ಈ ಪೆನ್ನು ಯಾವುದೋ ಮಗುವಿನ ಚೀಲ ಸೇರುತ್ತದೆ.

ಅವಳು ಪೆನ್ನನ್ನು ಬರಿಯ ಮೇಜಿನ ಮೇಲೆ ಇಟ್ಟಳು.

"ನಂಗೆ ಕೇಳಿಸ್ತಿಲ್ಲ, ಮೇಸ್ತ್ರಿ. ಆಗ್ಲೇ ಕೆಲವು ವರ್ಷ ಆಯ್ತು."

ಹಾಗಾದರೆ ಹೋದ ವರ್ಷದವರೆಗೂ ಹೇಗೆ ಹಿಡಿಯುತ್ತಿದ್ದೆ ಎಂದು ಅವನು ಕೇಳಿದ. ಅವಳು ತೋರುಬೆರಳು ತೋರಿಸಿದಳು. "ಆ ಬಳೆ ಕೆಲಸ ಮಾಡ್ತಿತ್ತು. ನಂಗೊಬ್ಬಳಿಗೇ. ಅಷ್ಟಕ್ಕೇ ಅದನ್ನ ಇಟ್ಕೊಳ್ಳೋಕಾಗುತ್ತಾ, ಬಿಡಿ."

ನೆಗೆಲೆ ಆ ಪೆನ್ನಿನಲ್ಲಿ ತಾನೇ ಒಂದು ಎಂಟು ಬರೆದ. ಕೋಣೆಗೆಲ್ಲ ಕೇಳಿಸಿರಬೇಕು, ಸೆಂಟಾ ಕಣ್ಣು ಮುಚ್ಚಿದ್ದರಿಂದ ಒಟ್ಟೀಲಿಗೆ ಅದು ಕೆಟ್ಟದ್ದೆಂದು ತಿಳಿಯಿತು.

ಕುರ್ಚಿ ಹೋಯಿತು. ಅವಳನ್ನು ಕೆಳಗಿನ ಅಂತಸ್ತಿಗೆ, ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಹಾಕಿದರು. ಅಲ್ಲಿ ಯಂತ್ರಗಳ ಗದ್ದಲಕ್ಕೆ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ. ಮೊದಲ ಮಧ್ಯಾಹ್ನವೇ ಸೆಂಟಾ ಇಳಿದು ಬಂದು, ಬೆಳಕಿಗೆ ಮುಖವಿಟ್ಟು ನಿಂತು, ಮೇಸ್ತ್ರಿಯ ಮೀಸೆಯ ಬಗ್ಗೆ ಏನೋ ಅಂದಳು. ಒಟ್ಟೀಲಿ ಸರಿಯಾದ ಹೊತ್ತಿಗೆ ನಕ್ಕಳು.