ಕೆಂಪು ಬಾವುಟಕ್ಕೆ ಬಿಳಿ ಪಟ್ಟಿ

ತೀರಿಹೋದ ನಮ್ಮವರ ಹೆಸರು ಬೋಜಪ್ಪ, ಐವರ್ನಾಡಿನವರು. ಕೆಂಪು, ಹಸುರು ಎರಡೂ ಅವರ ಕಣ್ಣಿಗೆ ಒಂದೇ. ಮದುವೆಯಾದ ವರ್ಷ ಹಣ್ಣುಮೆಣಸು ಕೊಯ್ಯಲು ಹೇಳಿದರೆ ಕಾಯಿಯನ್ನೂ ಸೇರಿಸಿ ತಂದಿದ್ದರು. ನನಗೆ ಗೊತ್ತಾದದ್ದು ಆಗ. ನಾವು ಹೊರಗೆ ಯಾರಿಗೂ ಹೇಳಿರಲಿಲ್ಲ.

೧೯೫೮ರಲ್ಲಿ ಗುಂಡ್ಯದ ಹತ್ತಿರ ಮಾರ್ಗ ಅಗಲ ಮಾಡುವ ಕೆಲಸಕ್ಕೆ ಸೇರಿದರು. ಬಂಡೆಗೆ ಸಿಡಿಮದ್ದು ಇಟ್ಟಾಗ ತಿರುವಿನಲ್ಲಿ ನಿಂತು ಗಾಡಿಗಳನ್ನು ತಡೆಯಲು ಕೆಂಪು ಬಾವುಟ ಎತ್ತಬೇಕು, ಬಂಡೆ ಒಡೆದ ಮೇಲೆ ಹಸುರು. ಬಲಗೈಯದು ಕೆಂಪು, ಎಡಗೈಯದು ಹಸುರು ಎಂದು ನೆನಪಿಟ್ಟು ಎಂಟು ತಿಂಗಳು ದಾಟಿಸಿದರು.

ಒಂದು ದಿನ ಬಾವುಟಗಳು ನೆನೆದವು. ಎರಡನ್ನೂ ಮರದ ಒಂದೇ ಗೆಲ್ಲಿನಲ್ಲಿ ಒಣಹಾಕಿದರು. ಗಾಳಿಗೆ ಬಿದ್ದವನ್ನು ಹೆಕ್ಕುವಾಗ ಅದಲುಬದಲಾಯಿತು. ಮದ್ದು ಇಟ್ಟ ಹೊತ್ತಿಗೇ, ಆ ಕೆಲಸಕ್ಕೆ ಕಲ್ಲು ಸಾಗಿಸುವ ಡ್ರೈವರ್ ಆದಂ ಕುಂಞಿಯ ಲಾರಿ ಬಂತು. ಇವರು ಬಲಗೈ ಎತ್ತಿದರು. ಅದರಲ್ಲಿ ಇದ್ದದ್ದು ಹಸುರು. ಲಾರಿ ಮುಂದೆ ಹೋಯಿತು. ಸಿಡಿದ ಕಲ್ಲು ಅವನ ಬಲಭುಜ ಮುರಿಯಿತು.

ಸಂಜೆ ಮೇಸ್ತ್ರಿ ತ್ಯಾಂಪಣ್ಣ ಮನೆಗೇ ಬಂದರು.

"ಎಂತ ಮಾರಾಯ, ಕುಡಿದಿದ್ದಿಯಾ?"

"ಇಲ್ಲ. ನನಗೆ ಎರಡೂ ಒಂದೇ ಹಾಗೆ ಕಾಣುದು."

"ನಿನ್ನನ್ನು ಬಾವುಟಕ್ಕೆ ನಿಲ್ಲಿಸಿದ ನಾನೊಬ್ಬ ಮಂಗ! ನಾಳೆಯಿಂದ ಬರುದು ಬೇಡ."

ನಾನು ಒಳಗಿನಿಂದ ಹೇಳಿದೆ: "ಮೇಸ್ತ್ರಿಗಳೇ, ಬಣ್ಣ ಅಲ್ಲದೆ ಬೇರೆ ಗುರುತು ಇದ್ರೆ ಅವರಿಗೆ ಕಾಣ್ತದೆ. ನಾನು ಹೊಲಿದು ಕೊಡ್ತೇನೆ."

ಮೇಸ್ತ್ರಿ ಮೆಟ್ಟಿಲು ಇಳಿಯುತ್ತ ಹೇಳಿದರು: "ಆದಂ ಕುಂಞಿ ಆ ಬಾವುಟ ನಂಬಿದ್ರೆ ಇವ ಕೆಲಸಕ್ಕೆ ಬರ್ಲಿ. ಇಲ್ಲದಿದ್ರೆ ಇಲ್ಲ."

ಮೊದಲು ಕೆಂಪಿನ ನಡುವೆ ಅಂಗೈಯಷ್ಟು ಬಿಳಿ ಬಟ್ಟೆ ಹೊಲಿದೆ. ಲಾರಿಯವರಿಗೂ ದೂರದಿಂದ ಕಾಣಬೇಕಲ್ಲ; ನೂರು ಹೆಜ್ಜೆ ಆಚೆ ನಿಂತು ಇವರು "ಕಾಣುದಿಲ್ಲ" ಎಂದರು. ಬಿಚ್ಚಿದೆ. ಹಳೆ ಪಂಚೆ ಹರಿದು ನಾಲ್ಕು ಬೆರಳು ಅಗಲದ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟೆ. ಗಾಳಿಗೆ ಬಾವುಟ ಮಡಿಚಿ ಅದೂ ಮರೆಯಾಯಿತು. ಮತ್ತೆ ಇನ್ನೊಂದು ಪಟ್ಟಿ ಅಡ್ಡ ಹಾಕಿದೆ, ಬಾವುಟದ ಎರಡೂ ಬದಿಗೆ. ಮಡಿಚದ ಹಾಗೆ ಮೇಲೆ ಕೆಳಗೆ ಬಿದಿರಿನ ಕಡ್ಡಿ ಕೊಟ್ಟೆ. ಹಸುರನ್ನು ಮುಟ್ಟಲಿಲ್ಲ. ನೂರೈವತ್ತು ಹೆಜ್ಜೆಯಿಂದ ಬಾವುಟ ಎತ್ತಿ ಇದು ಯಾವುದು ಎಂದು ಹತ್ತು ಸಲ ಕೇಳಿದೆ, ಹತ್ತೂ ಸರಿ ಹೇಳಿದರು.

ಪುತ್ತೂರಿನ ಆಸ್ಪತ್ರೆಗೆ ಹೋದೆವು. ಆದಂ ಕುಂಞಿ ಕಟ್ಟು ಹಾಕಿಸಿಕೊಂಡು ಮಲಗಿದ್ದ. ಮೇಸ್ತ್ರಿಯ ಮಾತನ್ನು ಅವನಿಗೆ ತಿಳಿಸಿದೆವು. ಇವರು ಕೋಣೆಯ ಆ ಕೊನೆಗೆ ಹೋಗಿ ಬಾವುಟ ಎತ್ತಿದರು.

"ನನ್ನ ಭುಜ ಮುರಿದ ಮೇಲೆ ಕಸೂತಿಯಾ ಬೋಜಪ್ಪಣ್ಣ?"

ಇವರು ಕೈ ಇಳಿಸಲಿಲ್ಲ. ಅವನು ತುಂಬ ಹೊತ್ತು ನೋಡಿದ.

"ನಿಲ್ಲು ಅಂತ ಗೊತ್ತಾಗ್ತದೆ. ಮೇಸ್ತ್ರಿಗೆ ಹೇಳಿ, ನಾನು ಹೂಂ ಅಂದೆ ಅಂತ."

ಮರುದಿನ ಅವರು ಕೆಲಸಕ್ಕೆ ಹೋದರು. ನಾಲ್ಕು ವರ್ಷ ಆ ಬಾವುಟವನ್ನೇ ಹಿಡಿದರು. ಆದಂ ಕುಂಞಿಯ ಬಲಗೈ ಆಮೇಲೆ ಕಿವಿಯಿಂದ ಮೇಲೆ ಏರಲಿಲ್ಲ.